ಅಜ್ಜಿಯ ಜೊತೆ ಗ್ರಂಥಾಲಯದಲ್ಲಿ



ಮೂರು ವರ್ಷಗಳ ಹಿಂದೆ, ಹಾಸನದಿಂದ ಬಂದಿದ್ದ ನನ್ನ ಅಜ್ಜಿಯನ್ನು ಸಿಯಾಟಲ್‌ನ ಕೇಂದ್ರ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಅದು 2004ರಲ್ಲಿ ತೆರೆದ, ಗಾಜು ಮತ್ತು ಉಕ್ಕಿನ 11 ಮಹಡಿಯ ಕಟ್ಟಡ. ವಿನ್ಯಾಸ ಮಾಡಿದವರು ರೆಮ್ ಕೂಲ್‌ಹಾಸ್ ಮತ್ತು ಜೋಶುವಾ ಪ್ರಿನ್ಸ್-ರೇಮಸ್. "ಒಳಗೆ ಹೋಗೋಕೆ ಟಿಕೆಟ್ ಎಷ್ಟು?" ಎಂದು ಅಜ್ಜಿ ಕೇಳಿದರು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು ಎಂದೆ.

ಅಲ್ಲಿ 6ರಿಂದ 9ನೇ ಮಹಡಿಯವರೆಗೆ ಪುಸ್ತಕದ ಕಪಾಟುಗಳು ಒಂದೇ ಇಳಿಜಾರಿನ ದಾರಿಯಲ್ಲಿ ಸುತ್ತುತ್ತಾ ಹೋಗುತ್ತವೆ. ಹೊಸ ಪುಸ್ತಕಗಳು ಬಂದರೆ ಸಾಲು ಸ್ವಲ್ಪ ಸರಿದು ಜಾಗ ಕೊಡುತ್ತದೆ. ಮೆಟ್ಟಿಲು ಹತ್ತಬೇಕಿಲ್ಲ. ಮಂಡಿನೋವಿದ್ದ ಅಜ್ಜಿ ನಿಧಾನವಾಗಿ ನಡೆದೇ ಎಲ್ಲ ನೋಡಿದರು.

ಆಮೇಲೆ ಕಂಪ್ಯೂಟರ್‌ಗಳಿರುವ 5ನೇ ಮಹಡಿಗೆ ಬಂದೆವು. ಒಂದರಲ್ಲಿ ಕನ್ನಡ ಪತ್ರಿಕೆ ತೆರೆದುಕೊಟ್ಟೆ. ಅಜ್ಜಿ ಕನ್ನಡಕ ಮರೆತು ಬಂದಿದ್ದರು. "ನೀನೇ ಓದು ಪುಟ್ಟಿ" ಎಂದರು. ಆಗ ನಾನು ಕನ್ನಡ ಶಾಲೆ ಬಿಡುತ್ತೇನೆಂದು ಮನೆಯಲ್ಲಿ ಹಟ ಮಾಡುತ್ತಿದ್ದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಅಜ್ಜಿ ತಿದ್ದದೆ ಸುಮ್ಮನೆ ಕಾದರು. ನನಗೆ ತುಂಬ ನಾಚಿಕೆಯಾಯಿತು.

ಆ ದೊಡ್ಡ ಕಟ್ಟಡ, ಅಷ್ಟೊಂದು ಕಂಪ್ಯೂಟರ್ ಸೇರಿ ಕನ್ನಡವನ್ನು ನನ್ನ ಕಣ್ಣ ಮುಂದೆ ತಂದಿಟ್ಟಿದ್ದವು. ಓದುವ ಕೆಲಸ ಮಾತ್ರ ನನ್ನದೇ ಆಗಿತ್ತು. ಮುಂದಿನ ಭಾನುವಾರ ಅಮ್ಮ ಕರೆಯುವ ಮೊದಲೇ ನಾನು ಕಾರಿನಲ್ಲಿ ಕೂತಿದ್ದೆ.

ಈಗ ವಾರಕ್ಕೊಮ್ಮೆ ಅಜ್ಜಿಗೆ ಫೋನಿನಲ್ಲಿ ಪತ್ರಿಕೆ ಓದುತ್ತೇನೆ. ಇನ್ನೂ ಕೆಲವೊಮ್ಮೆ ತಡವರಿಸುತ್ತೇನೆ, ಅವರು ಕಾಯುತ್ತಾರೆ. ನನ್ನ ಪ್ರೀತಿಯ ಶಿಕ್ಷಕರೇ, ನೀವೂ ನನಗಾಗಿ ಹಾಗೆಯೇ ಕಾದಿರಿ.