ಮದ್ದೂರು ಸ್ಟೇಷನ್: ವಡೆಗಿಂತ ಹಿಂದಿನ ಕಥೆ

ಬೆಂಗಳೂರು–ಮೈಸೂರು ರೈಲಲ್ಲಿ ಕೂತೇ ಇದನ್ನ ಕೇಳ್ತಿದ್ರೆ, ಮದ್ದೂರು ಬಂದಾಗ ಒಂದ್ಸಲ ಕಿಟಕಿಯಾಚೆ ನೋಡಿ. ಈ ಸ್ಟೇಷನ್ ಅಂದ್ರೆ ನಮಗೆಲ್ಲ ನೆನಪಾಗೋದು ವಡೆ. ಇವತ್ತಿನ ಕಥೆ ಆ ವಡೆಗಿಂತ 40 ವರ್ಷ ಹಳೇದು.

1876ರಿಂದ 78. ಮಳೆ ಕೈಕೊಟ್ಟಿತ್ತು. ಹಳಬರು ಅದನ್ನ ಧಾತು–ಈಶ್ವರ ಬರ ಅಂತಿದ್ರು. ಆ ಎರಡು ಸಂವತ್ಸರಗಳ ಹೆಸರು ಅವು. 1871ರ ಜನಗಣತೀಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿದ್ದ ಲೆಕ್ಕ, 8 ಲಕ್ಷಕ್ಕೂ ಹೆಚ್ಚು ಕಮ್ಮಿಯಾಗಿತ್ತು.

ಆಗ ರೈಲು ಇರಲಿಲ್ವಾ? ಇತ್ತು. ಮದ್ರಾಸ್ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ಬಂದಿತ್ತು. ಅಲ್ಲಿಂದಾಚೆ ಮದ್ದೂರು, ಮಂಡ್ಯ, ಮೈಸೂರಿಗೆ ಧಾನ್ಯ ಹೋಗಬೇಕಂದ್ರೆ ಎತ್ತಿನ ಗಾಡೀನೇ ಗತಿ. ಆದರೆ ಬರ ಬಂದಾಗ ಮನುಷ್ಯರಿಗಿಂತ ಮೊದಲು ಹುಲ್ಲು ನೀರಿಲ್ಲದೆ ಬೀಳೋದು ಎತ್ತುಗಳು. ಗಾಡಿ ಎಳೆಯೋರು ಯಾರು?

ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಹಸಿದವರಿಗೆ ಕೂಲಿ ಕೊಡೋ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ಹಾದಿಯ ಮಣ್ಣಿನ ಕೆಲಸ ಶುರುವಾಯ್ತು. ಅಂದ್ರೆ, ಹೊಟ್ಟೆಗಿಲ್ಲದವರು ಹೊತ್ತು ಹಾಕಿದ ಮಣ್ಣಿನ ಮೇಲೆ ಈ ದಾರಿ ನಿಂತಿದೆ. ಖರ್ಚು ಕಮ್ಮಿ ಅಂತ ಮೀಟರ್ ಗೇಜ್ ಹಳಿ ಹಾಕಿದ್ರು. 1881ರಲ್ಲಿ ರೈಲು ಮದ್ದೂರು ತಲುಪ್ತು, 1882ರಲ್ಲಿ ಮೈಸೂರು. ಅದೇ 1881ರ ಮಾರ್ಚ್‌ನಲ್ಲಿ ಆಡಳಿತ ಹತ್ತನೇ ಚಾಮರಾಜೇಂದ್ರ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರಾದ್ರು.

ಇನ್ನು ವಡೆ. 1917ರಲ್ಲಿ, ಸ್ಟೇಷನ್‌ನಲ್ಲಿ ತಿಂಡಿ ಮಾರ್ತಿದ್ದ ರಾಮಚಂದ್ರ ಬುಧ್ಯ ಅವರಿಗೆ ಒಂದಿನ ರೈಲು ಬೇಗ ಬಂದು ಪೇಚಾಯ್ತಂತೆ. ಕೈಗೆ ಸಿಕ್ಕ ಹಿಟ್ಟು, ರವೆಗೆ ಈರುಳ್ಳಿ ಕಲಸಿ, ತಟ್ಟಿ ಕರಿದೇ ಬಿಟ್ರು ಅನ್ನೋದು ಬಾಯಿಂದ ಬಾಯಿಗೆ ಬಂದ ಕಥೆ. ನಿಜ ಎಷ್ಟೇ ಇರಲಿ, ಆ ವಡೆ ರೈಲಿಗೆ ಹೇಳಿ ಮಾಡಿಸಿದ ತಿಂಡಿ. ಚಟ್ನಿ ಬೇಡ, ಎಲೆ ಬೇಡ, ಬೇಗ ಹಳಸಲ್ಲ, ಕಾಗದದಲ್ಲಿ ಸುತ್ತಿ ಕಿಟಕಿಯಲ್ಲಿ ಕೊಟ್ರೆ ಮುಗೀತು.

ನನಗೆ ಅನ್ಸೋದು ಇಷ್ಟೇ. ವಡೆ ಮಾಡಿದವರ ಹೆಸರು ನಮ್ಮ ನಾಲಿಗೆ ಮೇಲಿದೆ, ಒಳ್ಳೇದೇ. ಮಣ್ಣು ಹೊತ್ತವರ ಹೆಸರು ಯಾರ ಬಾಯಲ್ಲೂ ಬರಲ್ಲ. ಅನ್ನ ಇಲ್ಲದ ಕಾಲದಲ್ಲಿ ಎದ್ದ ದಾರಿ, ಇವತ್ತು ತಿಂಡಿಗೆ ಹೆಸರಾಗಿದೆ. ಮುಂದಿನ ಸಲ ವಡೆ ಮುರಿಯುವಾಗ ಅವರನ್ನೂ ಒಂದು ಕ್ಷಣ ನೆನೆಸ್ಕೊಳ್ಳಿ.

ನಿಮ್ಮೂರಿನ ಸ್ಟೇಷನ್ ಯಾವಾಗ ಬಂತು, ಯಾಕೆ ಬಂತು? ಮನೇಲಿ ಅಜ್ಜ ಅಜ್ಜಿ ಇದ್ರೆ ಇವತ್ತೇ ಕೇಳಿ, ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.