ದಮ್ಮಿಗೂ ಅಳತೆ ಇದೆ



ಇವತ್ತು ದಮ್ಮಿನ ಬಗ್ಗೆ ಮಾತಾಡೋಣ. ಡಾಕ್ಟರು ಇದಕ್ಕೆ ಅಸ್ತಮಾ ಅಂತಾರೆ. ಎದೆಯೊಳಗಿನ ಉಸಿರಿನ ಕೊಳವೆಗಳು ಬಾತು ಸಣ್ಣಗಾಗುತ್ತವೆ. ಉಸಿರು ಹೊರಗೆ ಬಿಡಲು ತ್ರಾಸಾಗುತ್ತದೆ.

ಹಾನಗಲ್ಲಿನ ಕಡೆ ಭತ್ತದ ರಾಶಿ. ಹಿರೇಕೆರೂರು, ಶಿಗ್ಗಾವಿ, ಸವಣೂರಿನ ಕಡೆ ಗೋವಿನಜೋಳದ ರಾಶಿ. ರಾಶಿಯ ಧೂಳು ಎಲ್ಲರ ಮೂಗಿಗೂ ಒಂದೇ. ಆದರೆ ಒಲೆಯ ಹೊಗೆ ಹೆಂಗಸರ ಪಾಲು, ಬೀಡಿಯ ಹೊಗೆ ಹೆಚ್ಚಾಗಿ ಗಂಡಸರ ಪಾಲು. ಸಣ್ಣವರಿದ್ದಾಗ ದಮ್ಮು ಗಂಡು ಹುಡುಗರಲ್ಲಿ ಹೆಚ್ಚು. ದೊಡ್ಡವರಾದ ಮೇಲೆ ಹೆಂಗಸರಲ್ಲಿ ಹೆಚ್ಚು. ಕೆಲವರಿಗೆ ಮುಟ್ಟಿನ ದಿನಗಳ ಹತ್ತಿರ ಜೋರಾಗುತ್ತದೆ. ಅದನ್ನು ಡಾಕ್ಟರಿಗೆ ಹೇಳಲು ನಾಚಬೇಡ್ರಿ.

ದಮ್ಮು ಹತೋಟಿಯಲ್ಲಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಡಾಕ್ಟರು ಮೊದಲು ಕಳೆದ ನಾಲ್ಕು ವಾರದ ಸುದ್ದಿ ಕೇಳುತ್ತಾರೆ. ಹಗಲು ಹೊತ್ತು ವಾರಕ್ಕೆ 2 ಸಲಕ್ಕಿಂತ ಹೆಚ್ಚು ದಮ್ಮು ಬಂತೇ? ರಾತ್ರಿ ನಿದ್ದೆ ಕೆಟ್ಟಿತೇ? ತಕ್ಷಣ ಆರಾಮ ಕೊಡುವ ಪಂಪನ್ನು ವಾರಕ್ಕೆ 2 ಸಲಕ್ಕಿಂತ ಹೆಚ್ಚು ಎಳೆದುಕೊಂಡಿರಾ? ದಮ್ಮಿನಿಂದ ಕೆಲಸಕ್ಕೆ ಅಡ್ಡಿ ಆಯಿತೇ?

ಈ ಕೊನೆಯ ಪ್ರಶ್ನೆಗೆ ನಮ್ಮ ಹೆಂಗಸರು "ಇಲ್ರಿ, ಎಲ್ಲಾ ಮಾಡ್ತೀನ್ರಿ" ಅಂತಾರೆ. ಹೌದು, ಮಾಡ್ತಾರೆ. ತುಂಬಿದ ಕೊಡದ ಬದಲು ಅರ್ಧ ಕೊಡ ಹೊರುತ್ತಾರೆ. ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಾರೆ. ರಾತ್ರಿ ಗೋಡೆಗೆ ಒರಗಿ ಕೂತು ಬೆಳಗು ಮಾಡುತ್ತಾರೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇದೂ ಅಡ್ಡಿಯೇ, ಇದನ್ನೂ ಹೇಳಬೇಕು. ಗಂಡಸರೇನು ಕಡಿಮೆ ಇಲ್ಲ. "ಬೀಡಿ ಕೆಮ್ಮು ಬಿಡ್ರಿ" ಅಂತ ತೇಲಿಸಿಬಿಡ್ತಾರೆ.

ಕೇಳಿದ ಮೇಲೆ ಊದಿಸುತ್ತಾರೆ. ಈ ಅಳತೆ ಹೊಸದಲ್ಲ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದ ಲೆಕ್ಕ ಪ್ರಕಟಿಸಿದ. ಅವರಲ್ಲಿ ಬಹುತೇಕರು ಗಂಡಸರು! ಈಗ ಹಾಗಲ್ಲ. ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಲ್ಲಾ ನೋಡಿ ಲೆಕ್ಕ ಹಾಕುತ್ತಾರೆ. ಎತ್ತರ ಒಂದೇ ಇದ್ದರೂ ಹೆಂಗಸರ ಶ್ವಾಸಕೋಶ ಸ್ವಲ್ಪ ಚಿಕ್ಕದು. ಗಂಡ 500 ಊದಿದ, ಹೆಂಡತಿ 350 ಊದಿದಳು ಅಂದರೆ ಆಕೆ ಸೋತಳು ಅಂತಲ್ಲ. ಇದು ಕುಸ್ತಿ ಅಲ್ಲ.

ಇನ್ನೊಂದು ಮಾತು. ಊದಿದ ಅಂಕಿ ಚೆನ್ನಾಗಿದ್ದರೂ ಹೆಂಗಸರಿಗೆ ತ್ರಾಸ ಹೆಚ್ಚಿರಬಹುದು. ಅದನ್ನು ನಾಟಕ ಅನ್ನಬೇಡ್ರಿ.

ಮನೆಯಲ್ಲಿ ಊದುವ ಸಣ್ಣ ಮೀಟರೂ ಸಿಗುತ್ತದೆ. ಅದಕ್ಕೆ ಪೀಕ್ ಫ್ಲೋ ಮೀಟರ್ ಅಂತಾರೆ. ನಿಮ್ಮ ಅಂಕಿಯನ್ನು ನಿಮ್ಮದೇ ಅಂಕಿಯ ಜೊತೆ ಹೋಲಿಸಿರಿ. ಪೂರ್ತಿ ಆರಾಮಿದ್ದಾಗ 300 ಊದುತ್ತೀರಿ ಅನ್ನೋಣ. 240ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ತೋರಿಸಿರಿ. 150ಕ್ಕಿಂತ ಕೆಳಗೆ ಬಂದರೆ ಆರಾಮದ ಪಂಪು ಎಳೆದುಕೊಂಡು ಕೂಡಲೇ 108ಕ್ಕೆ ಫೋನ್ ಮಾಡ್ರಿ. ಬಸುರಿಯರು ಹೆದರಿ ತಾವಾಗಿಯೇ ಪಂಪು ಬಿಡಬಾರದು. ತಾಯಿಗೆ ಉಸಿರು ಸಾಲದಿದ್ದರೆ ಕೂಸಿಗೂ ಸಾಲುವುದಿಲ್ಲ.

ಮೀಟರ್ ಇಲ್ಲದವರೂ ಒಂದು ಕೆಲಸ ಮಾಡಬಹುದು. ಈಗ ನಿಮಗೆ ಬರೆಯಲು ಬರುತ್ತದಲ್ಲ! ದಮ್ಮು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ 'ದ' ಬರೆಯಿರಿ. ರಾತ್ರಿ ಎದ್ದು ಕೂತಿದ್ದರೆ 'ರಾ' ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗ್ರಿ.