ಟ್ರೇಲರು ಹೂಡುವ ಮತ್ತು ಬಿಡುವ ಕ್ರಮ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಸಾಹಿತ್ಯವನ್ನೂ ಇತಿಹಾಸವನ್ನೂ ಆರೋಗ್ಯವನ್ನೂ ಕುರಿತು ಬಲ್ಲವರು ಮಾತನಾಡಿ ಹೋಗಿದ್ದಾರೆ. ನಾವಾದರೋ ಬೇಳೆ ಗಿರಣಿಯಲ್ಲಿ ಆವಕ ಜಾವಕದ ಲೆಕ್ಕ ಬರೆಯುವವರು. ಮೆಟ್ರಿಕ್ ಪಾಸಾದ ಮೇಲೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಗಿರಣಿಯ ಬಾಗಿಲಲ್ಲಿ ಕುಳಿತು ದಿನವೂ ನೋಡುವ ಒಂದು ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಲು ಸಮಿತಿಯವರು ಅವಕಾಶ ಕೊಟ್ಟಿದ್ದಾರೆ. ಟ್ರ್ಯಾಕ್ಟರಿಗೆ ಟ್ರೇಲರನ್ನು ಹೂಡುವುದು, ಬಿಡುವುದು, ಇದೇ ಆ ಕೆಲಸ.

ಇದೇನು ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಜೀಡಿಮೆಟ್ಲಾದಲ್ಲಿ ದೊಡ್ಡ ಸರಕು ಲಾರಿಯಲ್ಲಿ ಬರುತ್ತದೆ. ಗಲ್ಲಿಯೊಳಗಿನ ಸಣ್ಣ ಸರಕು ಟ್ರ್ಯಾಕ್ಟರಿನಲ್ಲಿ ಬರುತ್ತದೆ. ನೀರಿನ ಟ್ಯಾಂಕರು, ಇಟ್ಟಿಗೆ, ಮರಳು, ಹೊಟ್ಟು, ಒಡೆದ ಗೋಡೆಯ ಮಣ್ಣು ಎಲ್ಲವೂ ಹೀಗೆಯೇ ಸಾಗುತ್ತವೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿ ಬರುವ ನಮ್ಮ ಹುಡುಗರಲ್ಲಿ ಅನೇಕರಿಗೆ ಮೊದಲು ಸಿಗುವುದು ಡ್ರೈವರನ ಜತೆಯ ಹೆಲ್ಪರನ ಕೆಲಸ. ಡ್ರೈವರ್ ಸೀಟಿನ ಮೇಲೆ ಇರುತ್ತಾನೆ. ಹೆಲ್ಪರ್ ಹುಡುಗ ಕಬ್ಬಿಣದ ಪಿನ್ನನ್ನು ಕೈಯಲ್ಲಿ ಹಿಡಿದು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ನಿಂತಿರುತ್ತಾನೆ. ನಮ್ಮ ಇಂದಿನ ಮಾತೆಲ್ಲ ಆ ಹುಡುಗನನ್ನು ಕುರಿತದ್ದು. ಈ ವಾಚನಾಲಯದಲ್ಲಿಯೇ ಸಂಜೆ ಬಂದು ಪತ್ರಿಕೆಯ ಹಾಳೆಯನ್ನು ಮೂರು ಬೆರಳಿನಿಂದ ತಿರುವುವ ತರುಣರೊಬ್ಬರು ಇದ್ದಾರೆ. ಉಳಿದ ಎರಡು ಬೆರಳು ಹೋದದ್ದು ಇಂಥ ಕೊಂಡಿಯಲ್ಲಿಯೇ.

ಇದು ನಮ್ಮ ಕಾಲದ ಹೊಸ ಕಷ್ಟವಲ್ಲ. ಅಮೆರಿಕದ ರೈಲುಗಳಲ್ಲಿ ಹಿಂದೆ ಒಂದು ಡಬ್ಬಿಗೆ ಇನ್ನೊಂದನ್ನು ಬಳೆ ಮತ್ತು ಪಿನ್ನಿನಿಂದಲೇ ಜೋಡಿಸುತ್ತಿದ್ದರು. ಡಬ್ಬಿಗಳು ಚಲಿಸುತ್ತಿರುವಾಗ ಕೆಲಸದವನು ನಡುವೆ ನಿಂತು ಬಳೆಯನ್ನು ಹಿಡಿದು ಪಿನ್ನು ಹಾಕಬೇಕಾಗಿತ್ತು. ಬೆರಳು ಹೋದವರಿಗೆ ಲೆಕ್ಕವಿಲ್ಲ. ಪ್ರಾಣವೇ ಹೋದವರೂ ಬಹಳ. ಈಲೈ ಜಾನಿ ಎಂಬಾತ ಜವಳಿ ಅಂಗಡಿಯಲ್ಲಿ ನಮ್ಮ ಹಾಗೆಯೇ ಗುಮಾಸ್ತನಾಗಿದ್ದವನು. ಎರಡು ಕೈಗಳ ಬೆರಳನ್ನು ಕೊಕ್ಕೆ ಮಾಡಿ ಸಿಕ್ಕಿಸಿದಂತೆ ತಾವಾಗಿಯೇ ಕಚ್ಚಿಕೊಳ್ಳುವ ಕೊಂಡಿಯನ್ನು ಆತ ಯೋಚಿಸಿ 1873ರಲ್ಲಿ ಪೇಟೆಂಟು ಪಡೆದ. ಇಪ್ಪತ್ತು ವರ್ಷಗಳ ನಂತರ, 1893ರಲ್ಲಿ, ಅಂಥ ಕೊಂಡಿ ಇರಲೇಬೇಕೆಂದು ಅಲ್ಲಿ ಕಾನೂನಾಯಿತು. ನಡುವೆ ನಿಲ್ಲುವ ಮನುಷ್ಯನನ್ನು ಯಂತ್ರವೂ ಕಾನೂನೂ ಕೂಡಿ ಹೊರಗೆ ಕರೆದವು. ನಮ್ಮ ಟ್ರ್ಯಾಕ್ಟರಿನಲ್ಲಿ ಇಂದಿಗೂ ಇರುವುದು ಅದೇ ಬಳೆ, ಅದೇ ಪಿನ್ನು. ಯಂತ್ರ ಮಾಡದ ಕೆಲಸವನ್ನು ಇಲ್ಲಿ ಅಭ್ಯಾಸ ಮಾಡಬೇಕಾಗಿದೆ.

ಮೊದಲು ಭಾರದ ಮಾತು. ಎತ್ತಿನ ಬಂಡಿ ಕಂಡವರಿಗೆ ಮುಂಭಾರ ಹಿಂಭಾರಗಳನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳನ್ನು ಸೆಳೆಯುತ್ತದೆ. ಎರಡು ಗಾಲಿಯ ಟ್ರೇಲರಿನ ನ್ಯಾಯವೂ ಇದೇ. ಅದರ ಮುಂದಣ ಕಬ್ಬಿಣದ ತೊಲೆಯನ್ನು ನಾವು ಮೂಕಿ ಎಂದೇ ಕರೆಯೋಣ. ಅಮೆರಿಕದಲ್ಲಿ ಕಾರಿನ ಹಿಂದೆ ಸಣ್ಣ ಮನೆಯಂಥ ಟ್ರೇಲರು ಕಟ್ಟಿಕೊಂಡು ಪ್ರವಾಸ ಹೋಗುವ ಕುಟುಂಬಗಳು ಬಹಳ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಇರಬೇಕೆಂಬುದು ಅವರ ನಿಯಮ. ಅದಕ್ಕೆ ಕಡಮೆಯಾದರೆ ವೇಗದಲ್ಲಿ ಟ್ರೇಲರು ಬಾಲದಂತೆ ಅಲ್ಲಾಡತೊಡಗುತ್ತದೆ. ಈ ಲೆಕ್ಕದಂತೆ 3 ಟನ್ನಿನ ಟ್ರೇಲರಾದರೆ ಮೂಕಿಯ ಮೇಲೆ ಕಡಮೆಯೆಂದರೂ 300 ಕಿಲೋ ಬೀಳುತ್ತದೆ. ಮೂರು ಕ್ವಿಂಟಲನ್ನು ಒಬ್ಬ ಹುಡುಗ ಕೈಯಿಂದ ಎತ್ತಿ ಕೊಂಡಿಗೆ ಕೂಡಿಸಬಲ್ಲನೇ? ಆದುದರಿಂದ ಜಾಕು ಬೇಕೇ ಬೇಕು.

ನೀರಿನ ಟ್ಯಾಂಕರಿನದು ಇನ್ನೊಂದು ತೊಡಕು. ಒಂದು ಲೀಟರು ನೀರೆಂದರೆ ಒಂದು ಕಿಲೋ. 5000 ಲೀಟರಿನ ಟ್ಯಾಂಕರಿನಲ್ಲಿ ನೀರೇ 5 ಟನ್ನು. ತುಂಬಿದ ಟ್ಯಾಂಕರಿನ ನೀರು ನಿಂತಲ್ಲಿ ನಿಲ್ಲುತ್ತದೆ. ಅರ್ಧ ತುಂಬಿದ್ದು ಇಳಿಜಾರು ಕಂಡ ಕಡೆಗೆ ಹರಿಯುತ್ತದೆ. ಈಗ ಮುಂಭಾರವಾಗಿದ್ದುದು ಮರುಕ್ಷಣ ಹಿಂಭಾರವಾಗುತ್ತದೆ. ಅರ್ಧ ನೀರಿನ ಎರಡು ಗಾಲಿಯ ಟ್ಯಾಂಕರನ್ನು ಬಿಚ್ಚಲೇಬಾರದು.

ಇನ್ನು ಹೂಡುವ ಕ್ರಮ. ಟ್ರೇಲರಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಮರದ ಬೆಣೆ ಕೊಟ್ಟಿದೆಯೇ ಎಂದು ಮೊದಲು ನೋಡಬೇಕು. ಟ್ರ್ಯಾಕ್ಟರು ಹತ್ತಿರ ಬರುವ ಮೊದಲೇ ಮೂಕಿಯನ್ನು ಜಾಕಿನಿಂದ ಕೊಂಡಿಯ ಎತ್ತರಕ್ಕೆ ಏರಿಸಿಡಬೇಕು. ಬಳಿಕ ಡ್ರೈವರ್ ಕೆಳಗಿನ ಗೇರಿನಲ್ಲಿ ನೇರವಾಗಿ ಹಿಂದಕ್ಕೆ ಬಂದು ಒಂದು ಗೇಣು ದೂರದಲ್ಲಿ ನಿಲ್ಲಿಸಲಿ. ಹೆಲ್ಪರ್ ಆಗ ಪಕ್ಕದಲ್ಲಿ, ಡ್ರೈವರನಿಗೆ ಕಾಣುವಂತೆ ನಿಂತಿರಬೇಕು. ಎತ್ತರ ಹೊಂದದಿದ್ದರೆ ಬ್ರೇಕು ಹಾಕಿದ ಮೇಲೆಯೇ ಒಳಗೆ ಹೋಗಿ ಸರಿಪಡಿಸಿ ಹೊರಗೆ ಬರಬೇಕು. ಉಳಿದ ಒಂದು ಗೇಣನ್ನು ಟ್ರ್ಯಾಕ್ಟರು ಚಲಿಸುವಾಗ ನಡುವೆ ಯಾರೂ ಇರಕೂಡದು. ಎಲ್ಲ ಅನಾಹುತವೂ ಈ ಒಂದು ಗೇಣಿನಲ್ಲಿದೆ. ಟ್ರ್ಯಾಕ್ಟರು ನಿಂತು, ಬ್ರೇಕು ಬಿದ್ದು, ಎಂಜಿನ್ ಆರಿದ ಮೇಲೆ ಹುಡುಗ ಒಳಗೆ ಹೋಗಿ ಪಿನ್ನು ಇಳಿಸಲಿ. ತೂತುಗಳು ಕೂಡಿವೆಯೇ ಎಂದು ಬೆರಳು ಹಾಕಿ ನೋಡುವ ಚಾಳಿ ಬಹಳ ಜನರಿಗಿದೆ. ಅದಕ್ಕೆ ಒಂದು ಸಲಾಕೆಯನ್ನು ಬಳಸಿದರೆ ಸಾಕು. ಸಲಾಕೆ ತುಂಡಾದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ.

ಪಿನ್ನಿನ ಕೆಳತುದಿಗೆ ಕ್ಲಿಪ್ಪು ಇರಬೇಕು. ಬಂಡಿಯ ಗಾಲಿಗೆ ಕಡಾಣಿ ಹೇಗೋ ಪಿನ್ನಿಗೆ ಕ್ಲಿಪ್ಪು ಹಾಗೆ. ಕುಲುಕಿಗೆ ಪಿನ್ನು ಮೇಲೆದ್ದು ಬರದಂತೆ ತಡೆಯುವುದು ಅದೊಂದೇ. ಪಿನ್ನು ಕಳೆದುಹೋಯಿತೆಂದು ಕಟ್ಟಡದ ಕಂಬಿಯ ತುಂಡನ್ನೋ ಹಳೆಯ ಬೋಲ್ಟನ್ನೋ ತೂರಿಸಿ ಹೊರಡುವುದನ್ನು ಕಾಣುತ್ತೇವೆ. ಅದು ಬಾಗಿ ಮುರಿಯುವುದು ಗಿರಣಿಯ ಅಂಗಳದಲ್ಲಲ್ಲ, ನಡುರಸ್ತೆಯಲ್ಲಿ. ಪಿನ್ನಿನ ಜತೆಗೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಬೇಕು. ಪಿನ್ನು ಮುರಿದರೂ ಮೂಕಿ ನೆಲಕ್ಕೆ ಬೀಳದೆ ಆ ಸರಪಳಿಯ ತೊಟ್ಟಿಲಲ್ಲಿ ಕೂಡುತ್ತದೆ. ಕೊನೆಗೆ ದೀಪದ ತಂತಿ ಜೋಡಿಸಿ, ಜಾಕು ಎತ್ತಿ, ಬೆಣೆ ಇರುವಾಗಲೇ ಡ್ರೈವರ್ ಮೆಲ್ಲನೆ ತುಸು ಮುಂದಕ್ಕೆ ಎಳೆದು ನೋಡಲಿ. ಕೊಂಡಿ ಹಿಡಿಯಿತೆಂದು ಖಾತ್ರಿಯಾದ ಮೇಲೆ ಬೆಣೆ ತೆಗೆಯಬೇಕು.

ಟ್ರೇಲರನ್ನು ಕೆಳಗಿನ ಕೊಂಡಿಗಲ್ಲದೆ ಮೇಲಿನ ಯಾವ ಕಬ್ಬಿಣಕ್ಕೂ ಕಟ್ಟಕೂಡದು. ಹಿಂದಿನ ಅಚ್ಚಿಗಿಂತ ಮೇಲಿನಿಂದ ಎಳೆದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದು ಡ್ರೈವರನ ಮೇಲೆಯೇ ಮಗುಚೀತು. ಹಿಂದೆ ನೇಗಿಲು ಕಲ್ಲಿಗೆ ಸಿಕ್ಕಿ ಟ್ರ್ಯಾಕ್ಟರುಗಳು ಹೀಗೆ ಮಗುಚುತ್ತಿದ್ದುದನ್ನು ಕಂಡೇ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಮೂರು ಕಡೆ ಹಿಡಿಯುವ ಜೋಡಣೆಯನ್ನು ಕಂಡುಹಿಡಿದ. ಆ ಜೋಡಣೆ ನೇಗಿಲಿಗೆ. ಟ್ರೇಲರಿಗೆ ಕೆಳಗಿನ ಕೊಂಡಿಯೇ.

ನಮ್ಮ ಊರಿಗೇ ವಿಶೇಷವಾದ ಒಂದು ಮಾತನ್ನು ಇಲ್ಲಿ ಹೇಳಬೇಕು. ಇಲ್ಲಿ ಡ್ರೈವರನ ಮಾತು ತೆಲುಗು, ಕಾವಲುಗಾರನದು ಹಿಂದಿ, ಹೆಲ್ಪರನದು ಕನ್ನಡ. ತೆಲುಗಿನಲ್ಲಿ ‘ಆಗು’ ಎಂದರೆ ನಿಲ್ಲು ಎಂದರ್ಥ. ನಿನ್ನೆ ತಾನೇ ಊರಿಂದ ಬಂದ ನಮ್ಮ ಹುಡುಗನ ಕಿವಿಗೆ ಅದು ‘ಆಗಲಿ’ ಎಂಬಂತೆ ಕೇಳುತ್ತದೆ. ನಿಲ್ಲಬೇಕಾದವನು ಮುಂದೆ ಹೋಗುತ್ತಾನೆ. ಆದುದರಿಂದ ಕೆಲಸಕ್ಕೆ ಮೊದಲೇ ಒಂದು ಮಾತು, ಒಂದು ಕೈಸನ್ನೆ ಗೊತ್ತುಮಾಡಿಕೊಳ್ಳಿರಿ. ಅಂಗೈ ಎತ್ತಿದರೆ ಎಲ್ಲ ಭಾಷೆಯಲ್ಲಿಯೂ ನಿಲ್ಲು ಎಂದೇ ಅರ್ಥ. ಸನ್ನೆ ಕೊಡುವವನು ಒಬ್ಬನೇ ಇರಲಿ. ಸುತ್ತ ನಿಂತವರೆಲ್ಲ ‘ಬಾ ಬಾ’ ಎಂದು ಕೂಗುವುದು ಬೇಡ. ಹುಡುಗ ಕಣ್ಣಿಗೆ ಕಾಣದಿದ್ದರೆ ಡ್ರೈವರ್ ಗಾಡಿಯನ್ನು ಅಲ್ಲಿಯೇ ನಿಲ್ಲಿಸಲಿ.

ರಸ್ತೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇವೆ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು ಬಲಗಾಲಿಗೊಂದು ಬ್ರೇಕಿನ ಪೆಡಲು ಇರುವುದು ಹೊಲದಲ್ಲಿ ತಿರುಗಲು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಚಿಲಕ ಹಾಕಬೇಕು. ಇಲ್ಲವಾದರೆ ಒಂದೇ ಗಾಲಿ ಹಿಡಿದು ಗಾಡಿ ಮಗುಚುತ್ತದೆ. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಹಿಂದಿನ ಭಾರವೇ ಮುಂದಿನದನ್ನು ನೂಕುತ್ತದೆ. ಮೂಕಿಯ ಮೇಲೆ ಯಾರನ್ನೂ ಕೂಡಿಸಬೇಡಿರಿ. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೇಲರಿಗೂ ನೋಂದಣಿ ಬೇಕು. ಕಟ್ಟಕಡೆಯ ಟ್ರೇಲರಿನ ಮೇಲೆ ಎಳೆಯುವ ಗಾಡಿಯ ನಂಬರು ಕಾಣಬೇಕು. ಹಂಗಾಮಿನಲ್ಲಿ ಊರಿಗೆ ಹೋಗಿ ಎರಡು ಟ್ರೇಲರಿನಲ್ಲಿ ಕಬ್ಬು ಹೊಡೆಯುವವರು ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿ, ಕಬ್ಬಿನ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಬಿಡುವ ಕ್ರಮ ಹೂಡುವುದರ ತಿರುಗುಮುರುಗು. ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮೊಟ್ಟಮೊದಲು ಬೆಣೆ ಕೊಡಬೇಕು. ಆಮೇಲೆ ಜಾಕು ಇಳಿಸಬೇಕು. ಅದರ ಅಡಿಗೆ ಮರದ ದಿಮ್ಮಿ ಇರಲಿ, ಇಟ್ಟಿಗೆ ಬೇಡ, ಇಟ್ಟಿಗೆ ಒಡೆಯುತ್ತದೆ. ಮೂಕಿಯ ಬಳೆ ಕೊಂಡಿಯನ್ನು ಮೇಲಕ್ಕೆ ಒತ್ತುತ್ತಿದ್ದರೆ ಹಿಂಭಾರವಾಗಿದೆಯೆಂದು ತಿಳಿಯಬೇಕು. ಹಾಗೆಯೇ ಪಿನ್ನು ಕಿತ್ತರೆ ಮೂಕಿ ಚಿಮ್ಮಿ ಬಗ್ಗಿದವನ ಗದ್ದಕ್ಕೆ ಹೊಡೆಯುತ್ತದೆ. ಮೊದಲು ಹಿಂದಿನ ಸರಕು ಇಳಿಸಿರಿ. ತಂತಿ, ಸರಪಳಿ ಬಿಚ್ಚಿದ ಮೇಲೆ ಪಿನ್ನು. ಪಿನ್ನು ಬಿಗಿದಿದ್ದರೆ ಹುಡುಗ ಹೊರಗೆ ಬಂದು ನಿಲ್ಲಲಿ. ಡ್ರೈವರ್ ಕೂದಲೆಳೆಯಷ್ಟು ಸರಿಸಿ ಮತ್ತೆ ನಿಲ್ಲಿಸಲಿ. ಹುಡುಗ ಮತ್ತೆ ಹೋಗಲಿ. ಗಾಡಿ ಹಿಂದೆ ಮುಂದೆ ಆಡುತ್ತಿರುವಾಗ ಪಿನ್ನು ಜಗ್ಗುವುದು ಬೇಡ. ಪಿನ್ನು ಬಂದ ಮೇಲೆ ಹುಡುಗ ಪಕ್ಕಕ್ಕೆ ಬಂದು ಅದನ್ನು ಕೈಯೆತ್ತಿ ತೋರಿಸಬೇಕು. ಪಿನ್ನೂ ಹೊರಗಿದೆ, ಹುಡುಗನೂ ಹೊರಗಿದ್ದಾನೆ ಎಂದು ಡ್ರೈವರನಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಅದನ್ನು ಕಾಣದೆ ಗಾಡಿ ಮುಂದೆ ಹೋಗಕೂಡದು.

ಬೆಣೆಯಿಲ್ಲದವರು ದಾರಿಯ ಕಲ್ಲು ಇಡುತ್ತಾರೆ. ಹೊರಡುವಾಗ ಅಲ್ಲಿಯೇ ಬಿಟ್ಟುಹೋಗುತ್ತಾರೆ. ರಾತ್ರಿ ಪಾಳಿ ಮುಗಿಸಿ ಮೋಟಾರು ಸೈಕಲಿನಲ್ಲಿ ಬರುವವನಿಗೆ ಆ ಕಲ್ಲು ಕಾಣುವುದಿಲ್ಲ. ಬೆಣೆಗೆ ಹಗ್ಗ ಕಟ್ಟಿ ಟ್ರೇಲರಿಗೇ ತೂಗುಹಾಕಿದರೆ ಅದು ಕಳೆಯುವುದೂ ಇಲ್ಲ, ದಾರಿಯಲ್ಲಿ ಉಳಿಯುವುದೂ ಇಲ್ಲ.

ಕೊನೆಯದಾಗಿ, ಇಲ್ಲಿರುವ ನಮ್ಮಂಥ ಗುಮಾಸ್ತರಿಗೂ ಮೇಸ್ತ್ರಿಗಳಿಗೂ ಒಂದು ಬಿನ್ನಹ. ಈ ಕ್ರಮಕ್ಕೆಲ್ಲ ಹಿಡಿಯುವುದು ಐದಾರು ನಿಮಿಷ. ಆ ನಿಮಿಷಗಳನ್ನು ಕಸಿದುಕೊಳ್ಳುವವರು ಹೆಚ್ಚಾಗಿ ಡ್ರೈವರರಲ್ಲ. ಬಾಗಿಲಲ್ಲಿ ಕುಳಿತು ‘ಬೇಗ, ಬೇಗ, ಹಿಂದೆ ಗಾಡಿ ನಿಂತಿದೆ’ ಎನ್ನುವವರು. ಚೀಟಿಯ ಮೇಲೆ ಸಮಯ ಬರೆಯುವ ಕೈ ನಮ್ಮದು. ಪಿನ್ನು ಹಿಡಿದ ಕೈ ಇನ್ನೊಬ್ಬರ ಮನೆಯ ಮಗನದು. ತಿಂಗಳಿಗೊಮ್ಮೆ ಊರಿಗೆ ಹಣ ಕಳಿಸುವುದು ಆ ಕೈಯೇ. ಈ ಕ್ರಮವನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲಿಯೂ ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ತಮ್ಮ ತಮ್ಮ ಗಿರಣಿ, ಕಾರ್ಖಾನೆಗಳ ಬಾಗಿಲಿಗೆ ಅಂಟಿಸಲು ಬೇಕಾದವರು ಒಯ್ಯಬಹುದು. ಓದು ಬಾರದವರಿಗೆ ಓದಿ ಹೇಳಬಹುದು.